ಕಲ್ಲವ್ವ ಮೂರು ಸಲ ಹೇಳಿದ್ದು

ನೋಡಿ, ಬೀಜದ ವ್ಯಾಪಾರದಲ್ಲಿ ಹೆಸರು ಮಾಡಿದ ಶ್ರೀಮಂತನೊಬ್ಬ ಒಂದೂರಲ್ಲಿದ್ದ. ಗುರುಶಾಂತಪ್ಪ ಅಂತ. ಅಂಗಡಿಯಲ್ಲಿ ಕೂತರೆ ಮಾತಿನ ಮಲ್ಲ. ಆದರೆ ಈ ಕಥೆ ಅವನದಲ್ಲ. ಅವನ ಮನೆಯ ಮಾತು ಕೇಳಿಸಿಕೊಂಡ ಫರ್ಜಾನಾ ಎಂಬ ಹೆಣ್ಣುಮಗಳದು.

ಫರ್ಜಾನಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಟಿ.ವಿ., ಮೊಬೈಲು ಬಂದ ಮೇಲೆ ಮನೆಯೊಳಗಿನ ಮಾತು ಏನಾಗಿದೆ ಎಂಬುದು ಅವಳ ಪ್ರಶ್ನೆ. ನಲವತ್ತು ಮನೆಯವರ ಒಪ್ಪಿಗೆ ಪಡೆದು, ಒಂದೊಂದು ಮನೆಯ ಪಡಸಾಲೆಯಲ್ಲೂ ಐದು ಸಂಜೆ ದನಿ ಮುದ್ರಿಸುವ ಪುಟ್ಟ ಯಂತ್ರ ಇಡಿಸಿದಳು. ಆಮೇಲೆ ಕೂತು ಕೇಳಬೇಕು. ಯಾರು ಯಾರಿಗೆ ಏನಂದರು, ಉತ್ತರ ಬಂತೋ ಇಲ್ಲವೋ, ಗುರುತು ಹಾಕಬೇಕು. ಮೂವತ್ತು ಮನೆ ಮುಗಿಯುವಷ್ಟರಲ್ಲಿ ಅವಳಿಗೆ ಸಾಕುಸಾಕಾಗಿತ್ತು. ಪರರ ಮನೆಯ ಮೌನ ಕೇಳುವುದಿದೆಯಲ್ಲ, ಅದಕ್ಕಿಂತ ದಣಿವು ಬೇರೆ ಇಲ್ಲ.

ಗುರುಶಾಂತಪ್ಪನ ಅಂಗಡಿಯ ಆಳು ಶನಿವಾರ ಯಂತ್ರ ತಂದುಕೊಟ್ಟ. ಭಾನುವಾರ ಅವಳು ಕೇಳಲು ಕೂತಳು. ಮೊದಲ ಸಂಜೆ, ಟಿ.ವಿ.ಯಲ್ಲಿ ವಾರ್ತೆ ಓದುವವನು ನಮಸ್ಕಾರ ಎಂದ. ಮುದಿದನಿಯೊಂದು, “ನಮಸ್ಕಾರ್ರೀ ಯಪ್ಪಾ, ಆರಾಮ ಅದೀರಿ?” ಎಂದಿತು. ಗುರುಶಾಂತಪ್ಪನ ತಾಯಿ, ಕಲ್ಲವ್ವ. ಫರ್ಜಾನಾಗೆ ನಗು ಬಂತು. ಆ ಸಂಜೆ ಕಲ್ಲವ್ವ ಮಗನಿಗೂ ಸೊಸೆಗೂ ಮೂವತ್ತೊಂದು ಸಲ ಮಾತು ಹಚ್ಚಿದ್ದಳು. ಉತ್ತರ ಬಂದದ್ದು ನಾಲ್ಕಕ್ಕೆ. ಗುರುವಾರದ ಹೊತ್ತಿಗೆ ಅವಳ ಮಾತು ಒಂಬತ್ತಕ್ಕೆ ಇಳಿದಿತ್ತು. ಫರ್ಜಾನಾಳ ನಗು ನಿಂತಿತು.

ಶುಕ್ರವಾರ.

“ಗುರ್ಯಾ, ಎಡಗೈ ಜೋಮು ಹಿಡದೈತೋ.”

“ಹೂಂ.”

“ನಾಲಗಿ ತೊಡರಾಕತ್ತೈತಿ, ತಮ್ಮಾ.”

“ಹೂಂ, ಹೂಂ.”

ಮೊಬೈಲಿನಲ್ಲಿ ಯಾರೋ ಗಹಗಹಿಸಿ ನಗುತ್ತಿದ್ದರು. ಮೂರನೆಯ ಸಲ ಕಲ್ಲವ್ವ ಅಂದದ್ದು ಮಾತಾಗಿರಲಿಲ್ಲ, ಬರೀ ದನಿ.

ಕೇಳಿದ್ದನ್ನು ಹೊರಗೆ ಆಡಬಾರದು, ಮನೆಯ ವಿಷಯದಲ್ಲಿ ಕೈ ಹಾಕಬಾರದು. ಸಂಶೋಧನೆಯ ನಿಯಮ ಅದು. ಫರ್ಜಾನಾ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ಮನೆಗೆ ಬೀಗ. ಪಕ್ಕದ ಮನೆಯವರು ಆಸ್ಪತ್ರೆಯ ದಾರಿ ತೋರಿಸಿದರು.

ವಾರ್ಡಿನ ಹೊರಗೆ ಗುರುಶಾಂತಪ್ಪ ನಿಂತಿದ್ದ. “ಶನಿವಾರ ಬೆಳಿಗ್ಗಿ ಎದ್ದು ನೋಡೂದ್ರಾಗ ಅವ್ವಗ ಲಕ್ವಾ ಹೊಡದಿತ್ರೀ, ಮೇಡಂ. ಜಲ್ದಿ ತರಬೇಕಿತ್ತು ಅಂತಾರ ಡಾಕ್ಟ್ರು. ಅವ್ವ ಒಂದ ಮಾತ ಹೇಳಿದ್ರ ಎತ್ಕೊಂಡ ಓಡಿ ಬರ್ತಿದ್ದೆ. ಏನೂ ಹೇಳ್ಲಿಲ್ರೀ ಅಕಿ.”

ಫರ್ಜಾನಾಳ ಕೈ ಚೀಲದೊಳಗಿತ್ತು. ಹೇಳಬೇಕೇ? ಸುಮ್ಮನಿದ್ದರೆ ಈ ಮನುಷ್ಯ ಬದುಕಿಡೀ ನೆಮ್ಮದಿಯಾಗಿರುತ್ತಾನೆ. ಆದರೆ ಆ ಮುದುಕಿ?

“ಹೇಳ್ಯಾರ್ರೀ,” ಎಂದಳು. “ಮೂರ ಸಲ ಹೇಳ್ಯಾರ.”

ಯಂತ್ರ ತೆಗೆದು ಶುಕ್ರವಾರದ ದನಿ ಹಚ್ಚಿ ಕೊಟ್ಟಳು. ಅವನು ಕಿವಿಗೆ ಹಿಡಿದು ಕೇಳಿದ. ಇನ್ನೊಮ್ಮೆ ಹಚ್ಚಿಸಿ ಕೇಳಿದ. “ನನಗ ಕೇಳ್ಸಿಲ್ರೀ. ದೇವರಾಣಿ, ಕೇಳ್ಸೇ ಇಲ್ಲ.”

ಅವನು ಸುಳ್ಳು ಹೇಳಲಿಲ್ಲ, ನೋಡಿ. ಅದೇ ಭಯದ ಮಾತು.

ಕಲ್ಲವ್ವ ಬದುಕಿದಳು. ಮಾತು ಮರಳಲಿಲ್ಲ. ಈಗ ಮಗ ದಿನಾ ಸಂಜೆ ಅವಳ ಪಕ್ಕ ಕೂತು ಅಂಗಡಿಯ ಸುದ್ದಿ ಹೇಳುತ್ತಾನೆ. ಅವಳು ಅವನ ಬಾಯನ್ನೇ ನೋಡುತ್ತಾಳೆ.

ತಪ್ಪು ಟಿ.ವಿ.ಯದು ಅನ್ನುತ್ತೀರಾ? ಫರ್ಜಾನಾ ಕಂಡುಕೊಂಡದ್ದು ಬೇರೆ. ಟಿ.ವಿ. ಹಚ್ಚಿಟ್ಟೂ ಗಲಗಲ ಮಾತಾಡುವ ಮನೆಗಳಿದ್ದವು. ಉತ್ತರ ಸಿಗದ ಮನೆಗಳಲ್ಲಿ ಮಾತ್ರ ಮಾತು ದಿನದಿನಕ್ಕೆ ಸೊರಗುತ್ತಿತ್ತು.

ಇದನ್ನು ಹೇಳಿ ಹೇಳಿ ನಾನೂ ದಣಿದಿದ್ದೇನೆ. ಇಲ್ಲಿ ಕೂತೇ ಮಡಿಲಲ್ಲಿ ಮೊಬೈಲು ಬೆಳಗಿಸಿಕೊಂಡವರು ನನಗೆ ಕಾಣುತ್ತಾರೆ. ಒಡೆದು ಹಾಕಿ ಅನ್ನುವುದಿಲ್ಲ. ಅಂದರೂ ನೀವು ಒಡೆಯುವವರಲ್ಲ. ಇಷ್ಟು ಮಾಡಿ. ಮನೆಗೆ ಹೋದಾಗ ಯಾರೋ ಒಬ್ಬರು ಮಾತು ಹಚ್ಚುತ್ತಾರೆ. ಮಂಡಿನೋವಿನದೋ, ಪಕ್ಕದ ಮನೆಯ ಬೆಕ್ಕಿನದೋ. ಕೈಯಲ್ಲಿರುವುದನ್ನು ಕೆಳಗಿಡಿ. ಅವರ ಮುಖ ನೋಡಿ. ಮರಳಿ ಒಂದು ಪ್ರಶ್ನೆ ಕೇಳಿ, ಉತ್ತರ ಬರುವತನಕ ಕಾಯಿರಿ. ನಾಳೆಯಿಂದ ಅಲ್ಲ, ಇವತ್ತಿನ ಊಟದ ಹೊತ್ತಿಗೇ.