ಸಿಂಬಾಲಮ್ ನುಡಿಸಿದ ಶೈಲಜಾ ಆಂಟಿ

ವೀರಣ್ಣ ಅಂಕಲ್, ಪ್ರತಿಭಾ, ರಾಕ್‌ವಿಲ್‌ನಿಂದಲೂ ಸ್ಟರ್ಲಿಂಗ್‌ನಿಂದಲೂ ಬಂದಿರುವ ಬಂಧುಗಳೇ, ನಮ್ಮ ವಾದ್ಯವೃಂದದ ಗೆಳೆಯರೇ — ಎಲ್ಲರಿಗೂ ನಮಸ್ಕಾರ.

ನಾನು ಚೈತನ್ಯಾ. ಶೈಲಜಾ ಆಂಟಿಯ ಜೊತೆ ವಾದ್ಯವೃಂದದಲ್ಲಿ ಕೊಳಲು ನುಡಿಸುತ್ತಿದ್ದವಳು. ಅವರು ಧಾರವಾಡದಲ್ಲಿ ಸಂತೂರ್ ಕಲಿತವರು ಎಂಬುದು ನಿಮಗೆ ಗೊತ್ತು. ಇಲ್ಲಿ ಅಮೆರಿಕಕ್ಕೆ ಬಂದ ಮೇಲೆ ಅವರ ಕೈಗೆ ಸಿಕ್ಕಿದ್ದು ಸಿಂಬಾಲಮ್ — ಹಂಗೇರಿಯವರ ವಾದ್ಯ, ಸಂತೂರ್‌ನ ದೊಡ್ಡ ಅಕ್ಕ ಎನ್ನಬಹುದು. ಎರಡು ಕೋಲು ಹೀಗೆ ಹಿಡಿದು, ತಂತಿಗಳ ಮೇಲೆ ಹೊಡೆಯಬೇಕು.

ಇವತ್ತು ನಾನು ಹೇಳುವ ಸಂಗತಿಯನ್ನು ಹೇಳಲೇ, ಬೇಡವೇ ಎಂದು ಆಂಟಿಯ ಯಜಮಾನರು, ವೀರಣ್ಣ ಅಂಕಲ್ ಅವರನ್ನೇ ಕೇಳಿದೆ. "ಹೇಳವ್ವಾ, ಆಕಿ ಇದ್ದದ್ದ ಹಂಗ" ಎಂದರು.

ಕೋವಿಡ್ ಕಳೆದು ಸಭಾಂಗಣಗಳು ಮತ್ತೆ ತೆರೆದಿದ್ದ ಕಾಲ. ಹಂಗೇರಿ ಮತ್ತು ಸ್ಲೊವಾಕಿಯಾದ ಆಧುನಿಕ ಸಂಗೀತದ ಕಛೇರಿ. ನಾನು ಹೊಸಬಳು, ಅಂದು ಸರಿಯಾಗಿ ನುಡಿಸಿದರೆ ಮಾತ್ರ ನನ್ನ ಜಾಗ ಖಾಯಂ. ಆಂಟಿ ಕರೆದಿದ್ದರೆಂದು ನಿಮ್ಮಲ್ಲೇ ಎಷ್ಟೋ ಜನ ಮುಂದಿನ ಸಾಲುಗಳಲ್ಲಿ ಕೂತಿದ್ದಿರಿ.

ಸ್ಲೊವಾಕ್ ಕೃತಿಯ ನಡುವೆ ಕೊಳಲು ಒಂಟಿಯಾಗಿ ನುಡಿಯುವ ಜಾಗವಿದೆ — ಬಹಳ ಮೆಲ್ಲಗೆ. ನಾನು ಶುರು ಮಾಡಿದೆ. ಅಷ್ಟರಲ್ಲಿ — ಧಡ್ ಎಂದು ಸಿಂಬಾಲಮ್ ಬಂತು. ಆಂಟಿ ಸ್ವರಲಿಪಿಯ ಎರಡು ಹಾಳೆ ಒಟ್ಟಿಗೆ ತಿರುಗಿಸಿಬಿಟ್ಟಿದ್ದರು. ಆದರೆ ಅವರ ಪೆಟ್ಟು ಎಷ್ಟು ಗಟ್ಟಿಯಾಗಿತ್ತೆಂದರೆ, ದಾರಿ ತಪ್ಪಿದವಳು ನಾನೇ ಎಂದು ಎಲ್ಲರಿಗೂ ಅನ್ನಿಸಿತು. ನನಗೂ ಅನ್ನಿಸಿತು. ಕೊಳಲು ಇಳಿಸಿದೆ. ಪಿಟೀಲುಗಳು ಚದುರಿದವು. ವಾದ್ಯವೃಂದದ ನಿರ್ದೇಶಕರು ಕೈ ನಿಲ್ಲಿಸಿ — ನನ್ನನ್ನೇ ನೋಡಿದರು.

ಆಗ ಆಂಟಿ ಕೋಲುಗಳನ್ನು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ವೇದಿಕೆಯ ಮುಂದಕ್ಕೆ ಬಂದರು. ಅಂಥ ಕಛೇರಿಯಲ್ಲಿ ಹಾಗೆ ಯಾರೂ ಮಾಡುವುದಿಲ್ಲ. "ತಪ್ಪು ನನ್ನದು. ಕೊಳಲಿನವರು ಸರಿಯಾಗಿಯೇ ನುಡಿಸುತ್ತಿದ್ದರು" ಎಂದು ಇಂಗ್ಲಿಷಿನಲ್ಲಿ ಹೇಳಿ, ಹಿಂದಿರುಗಿ ಕೂತರು. ಮೊದಲಿನಿಂದ ನುಡಿಸಿದೆವು. ನನ್ನ ಜಾಗ ಉಳಿಯಿತು.

ಅವರು ಮಾತ್ರ ಮುಂದಿನ ಅಭ್ಯಾಸಕ್ಕೆ ಬರಲಿಲ್ಲ. ಅವರ ಮನೆಗೆ ಹೋದೆ. ಬಾಗಿಲು ಪೂರ್ತಿ ತೆಗೆಯದೆ ನಿಂತರು.

"ಬರೂದಿಲ್ಲವ್ವಾ. ನಾನಽ ಕರದ ಮಂದಿ ಮುಂದ ಹಿಂಗಾತು. ಮಾರಿ ತೋರ್ಸಾಕ ನಾಚಿಕಿ ಆಗ್ತದ."

"ಆಂಟಿ, ನೀವು ಒಪ್ಕೊಂಡ್ರಲ್ಲ. ಮುಗೀತಲ್ವಾ?"

"ಒಪ್ಪಿಕೊಂಡ್ರ ನಾಚಿಕಿ ಹೋಗ್ತದಂತ ಯಾರು ಹೇಳ್ಯಾರ?"

ಬಾಯಿಗೆ ಬಂದದ್ದು ನಿಜ ಮಾತ್ರ. "ನೀವು ಮುಂದೆ ಬಂದಾಗ ನಂಗೆ ಸಮಾಧಾನ ಆಯ್ತು, ಆಂಟಿ. ನಿಮಗೆ ಹೇಗಾಗ್ತಿದೆ ಅಂತ ಯೋಚ್ನೆನೇ ಬರ್ಲಿಲ್ಲ. ನಾನು ಬಚಾವಾದೆ ಅಂದ್ಕೊಂಡೆ. ಅದಕ್ಕೆ ನಂಗೂ ನಾಚಿಕೆ ಆಗ್ತಿದೆ."

ಆಂಟಿ ಬಾಗಿಲು ಪೂರ್ತಿ ತೆಗೆದರು. "ಹಂಗಾದ್ರ ಇಬ್ರೂ ಹೋಗೂಣು. ನಾಚ್ಕೋತನ ಬಾರ್ಸೂಣು."

ಹೋದೆವು. ಮುಂದಿನ ವಸಂತದಲ್ಲಿ ಅದೇ ಕೃತಿಯನ್ನು ಅದೇ ಊರಿನಲ್ಲಿ ಮತ್ತೆ ನುಡಿಸಿದೆವು. ಈ ಸಲ ನನ್ನ ಕೊಳಲು ಪೂರ್ತಿ ಮುಗಿಯುವವರೆಗೆ ಅವರು ಕೋಲು ಎತ್ತಲಿಲ್ಲ. ಜನ ಚಪ್ಪಾಳೆ ತಟ್ಟುವಾಗಲೂ ತಲೆ ಎತ್ತಲಿಲ್ಲ.

ಕಾಲ ಕಳೆದರೆ ಮರೆಯುತ್ತಾರೆ ಅಂದುಕೊಂಡಿದ್ದೆ. ಮರೆಯಲಿಲ್ಲ. ಹೋದ ತಿಂಗಳು ಕೂಡ, ಅಭ್ಯಾಸದಲ್ಲಿ ಆ ಪುಟ ಬಂದಾಗ ಅವರ ಕಿವಿ ಕೆಂಪಾಯಿತು. ಶೈಲಜಾ ಆಂಟಿ ಧೈರ್ಯವಂತೆ ಎಂದು ನನಗಿಂತ ಮೊದಲು ಮಾತಾಡಿದವರೆಲ್ಲ ಹೇಳಿದಿರಿ. ನಾನು ಕಂಡದ್ದು ಇಷ್ಟೇ — ಅವರಿಗೆ ಪ್ರತಿಸಲವೂ ನಾಚಿಕೆಯಾಗುತ್ತಿತ್ತು. ಪ್ರತಿಸಲವೂ ಬರುತ್ತಿದ್ದರು.

ಇನ್ನು ಮಾತು ಬೇಡ. ಫೋನುಗಳನ್ನು ಆಫ್ ಮಾಡಿ, ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಕೂತೇ ಇರಬೇಕಾದ ಹಿರಿಯರು ಕೂತಿರಲಿ. ಪ್ರತಿಭಾ ಸಾಕು ಎನ್ನುವವರೆಗೆ, ಅವಳ ಅಮ್ಮನಿಗಾಗಿ ಮೌನವಾಗಿರೋಣ.