ಸಾಂಗ್ಲಿಯೊಳಗಿಲ್ಲದ ತೆರಿಗಿ

ತಿಕೋಟಾ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದ ನರ್ಸ್ ಸುಧಾರಾಣಿಗೆ ಮಹಾರಾಷ್ಟ್ರದ ಸಾಂಗ್ಲಿಯಲ್ಲಿ ನೌಕರಿ ಸಿಕ್ಕಿತ್ತು. ಅತ್ತೆ ದುಂಡವ್ವ ಆಕೆಯ ವಿಚಾರಣೆ ನಡೆಸಿದ್ದಳು.

"ಪಗಾರ?"

"ಇಲ್ಲಿಗಿಂತ ಹೆಚ್ಚೈತ್ರಿ, ಅತ್ತಿ."

"ಮನಿ ಬಾಡಗಿ?"

"ಅದೂ ಹೆಚ್ಚರಿ."

"ಪಗಾರದಾಗ ಹಿಡಿಯೋ ತೆರಿಗಿ?"

"ಎರಡೂ ಕಡೆ ಹಿಡೀತಾರ್ರಿ."

"ಇಲ್ಲಿ ನಮಗ ಬಸ್ ಪುಕ್ಕಟೆ. ಅಲ್ಲಿ?"

"ಅರ್ಧಾ ಟಿಕೀಟ್ರಿ."

"ಮತ್ಯಾಕ ಹೋಗ್ತಿ ಬೇ?"

"ಇಲ್ಲಿ ಓಣಿ ಮಂದಿ ಹಿಡಿ ಒಣದ್ರಾಕ್ಷಿ ತಂದು ಬಿಪಿ ನೋಡು, ಸೂಜಿ ಮಾಡು ಅಂತಾರ. ನೀವು ಎಲ್ಲಾರಿಗೂ ಚಾ ಕಾಸ್ತೀರಿ. ಈ ತೆರಿಗಿ ಅಲ್ಲಿಲ್ರಿ."

ದುಂಡವ್ವ ಸೊಸೆಯ ಹತ್ತಿರ ಸರಿದು ಕೂತಳು.

"ಹಂಗಾರ ನಾನೂ ಬರ್ತೀನಿ."

ವಿಜಯಪುರದ ಬಸ್ಸು ಬಂತು. ಹತ್ತುತ್ತ ಆಕೆ ಸೊಸೆಯ ಕಿವಿಯಲ್ಲಿ ಊರಿಗೆಲ್ಲ ಕೇಳುವಂತೆ ಹೇಳಿದಳು:

"ಬಿಪಿ ಮಷೀನ್ ಮಾತ್ರ ಇಲ್ಲೇ ಬಿಡು. ಅಲ್ಲಿ ಓಣಿ ಮಂದಿ ಕಣ್ಣಿಗಿ ಬಿದ್ದೀತು!"