ಸ್ಟಾಫ್ ರೂಮಿನಲ್ಲಿ ಹಾಲು ಬಂದ ದಿನ

ಸಭೆಗೆ ಬಂದಿರುವ ಹಿರಿಯರಿಗೆ, ಆಸ್ಪತ್ರೆಯ ಬಳಗಕ್ಕೆ, ಮುಂದಿನ ಸಾಲಿನಲ್ಲಿರುವ ಸಿಸ್ಟರ್ ಅವರ ಯಜಮಾನರಿಗೆ ಮತ್ತು ಮಗಳಿಗೆ ನಮಸ್ಕಾರ. ನಿಮ್ಮ ದುಃಖದ ಮುಂದೆ ಮಾತಾಡಲು ನಾನು ತುಂಬ ಚಿಕ್ಕವಳು. ನರ್ಸಿಂಗ್ ಮೊದಲ ವರ್ಷ. ಪ್ರವಾಹದ ಶಿಬಿರದಲ್ಲಿ ಸಿಸ್ಟರ್ ಜೊತೆ ಕೆಲಸ ಮಾಡಿದವಳು, ಅಷ್ಟೇ. ಆದರೆ ಅಳುವುದಕ್ಕೆ ಬಂದಿಲ್ಲ — ಅವರು ಗೆದ್ದದ್ದನ್ನು ಹೇಳುವುದಕ್ಕೆ ಬಂದಿದ್ದೇನೆ.

ನದಿ ಊರೊಳಗೆ ನುಗ್ಗಿದಾಗ ಹೈಸ್ಕೂಲೇ ಶಿಬಿರವಾಯಿತು. ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿ, ಕೆಳಗೆ ಚಾಪೆ ಹಾಸಿ, ಒಂದೊಂದು ಕ್ಲಾಸಿನಲ್ಲಿ ಏಳೆಂಟು ಕುಟುಂಬ. ಮಾವ, ಭಾವ, ಪಕ್ಕದ ಬೀದಿಯವರು, ಗುರುತೇ ಇಲ್ಲದ ಗಂಡಸರು — ಎಲ್ಲರೂ ನಾಲ್ಕು ಗೋಡೆಯೊಳಗೆ. ಹಸುಗೂಸಿನ ತಾಯಿ ಎಲ್ಲಿ ಸೆರಗು ಸರಿಸಬೇಕು, ಹೇಳಿ. ಕೂಸು ಅತ್ತರೆ ತಟ್ಟುತ್ತಿದ್ದರು. ಮತ್ತೆ ಅತ್ತರೆ ಮತ್ತೆ ತಟ್ಟುತ್ತಿದ್ದರು.

ಅಷ್ಟರಲ್ಲಿ ಲಾರಿ ತುಂಬ ಹಾಲಿನ ಪುಡಿ ಬಂತು. ಕೊಟ್ಟವರ ಮನಸ್ಸು ಒಳ್ಳೆಯದೇ. ಸೋಪು, ಟವೆಲ್ಲಿನ ಜೊತೆ ಪ್ರತಿ ತಾಯಿಗೂ ಒಂದು ಡಬ್ಬಿ, ಒಂದು ಬಾಟಲಿ — ಕೇಳಿದವರಿಗೂ, ಕೇಳದವರಿಗೂ. ಬಾಟಲಿ ಕುದಿಸಲು ಪಾತ್ರೆಯಿಲ್ಲ, ಕಲಸಲು ಟ್ಯಾಂಕರ್ ನೀರು. ನೋಡನೋಡುತ್ತ ಕೂಸುಗಳಿಗೆ ಭೇದಿ ಹತ್ತಿಕೊಂಡಿತು.

ದರ್ಜಿಯವರ ಕೂಸು ಎಲ್ಲಕ್ಕಿಂತ ಹೆಚ್ಚು ಸೊರಗಿತ್ತು. ಅಳುವುದಕ್ಕೂ ತ್ರಾಣವಿರಲಿಲ್ಲ. ತಾಯಿ ಗೋಡೆ ನೋಡಿಕೊಂಡು ಕೂತಿದ್ದರು. ಮಾತೆಲ್ಲ ಅವರ ಅತ್ತೆಯದು. ಶಿಬಿರಕ್ಕೆಲ್ಲ ಅವರು ದೊಡ್ಡಮ್ಮ.

"ಮನೆಗೆ ನೀರು ನುಗ್ಗಿದ್ದು ಕಂಡು ಎದೆ ಒಡ್ಕೊಂಡ್ಳು. ಹಾಲು ಬತ್ತೋಯ್ತು."

"ಬತ್ತಿಲ್ಲ ದೊಡ್ಡಮ್ಮ," ಅಂದರು ಸಿಸ್ಟರ್. "ಗಾಬರಿಗೆ ಹಾಲು ಇಳಿಯೋದು ತಡ ಆಗುತ್ತೆ. ಕೂಸು ಎಳೀತಾ ಇದ್ರೆ ಮತ್ತೆ ಬರುತ್ತೆ."

"ನೀವು ಓದ್ಕೊಂಡು ಬಂದೋರು. ನಾನು ಐದು ಹೆತ್ತೋಳು."

"ಹಾಗಾದ್ರೆ ನನಗೆ ಬೇಕಾದೋರು ನೀವೇ. ಏಳಿ, ನಡೀರಿ."

ಕೈ ಹಿಡಿದು ನೇರ ಹೆಡ್‌ಮಾಸ್ಟರ್ ಹತ್ತಿರ ಕರೆದುಕೊಂಡು ಹೋದರು. ಸ್ಟಾಫ್ ರೂಮ್ ಬೇಕು ಅಂದರು. ಒಳಗಿಂದ ಚಿಲಕ ಬೀಳುವ ಕೋಣೆ ಅದೊಂದೇ.

"ಅಲ್ಲಿ ಪರೀಕ್ಷೆ ಪೇಪರ್ ಇದಾವೆ ಸಿಸ್ಟರ್."

"ಕೂಸುಗಳಿಗೆ ಓದೋಕೆ ಬರಲ್ಲ ಸಾರ್."

ಹೆಡ್‌ಮಾಸ್ಟರ್ ಇಲ್ಲೇ ಕೂತಿದ್ದಾರೆ, ನಗುತ್ತಿದ್ದಾರೆ. ಅವತ್ತೂ ನಕ್ಕರು, ಬೀಗದ ಕೈ ಕೊಟ್ಟರು.

ಕಿಟಕಿಗಳಿಗೆ ಭೂಪಟ ತೂಗುಹಾಕಿದೆವು. ಊಟದ ಸಾಲಿನಲ್ಲಿ ಈ ತಾಯಂದಿರು ನಿಲ್ಲುವ ಹಾಗಿಲ್ಲ, ಬಿಸಿ ಊಟ ಒಳಗೇ ಬರಬೇಕು ಅಂತ ಅಡುಗೆಯವರಿಗೆ ಹೇಳಿಸಿದರು. ಸಿಸ್ಟರ್‌ಗೆ ಪುಡಿ ಕಂಡರೆ ಆಗುತ್ತಿರಲಿಲ್ಲ ಅನ್ನುತ್ತಾರೆ — ಅದು ಸುಳ್ಳು. ಕುದಿಸಿದ ನೀರಿನಲ್ಲಿ ಅದೇ ಪುಡಿ ಕಲಸಿ, ಬಟ್ಟಲಿಗೆ ಹಾಕಿದರು. ಸಪೂರವಾದ ಟ್ಯೂಬ್ — ನನ್ನ ಈ ಪೆನ್ನಿನ ರೀಫಿಲ್‌ಗಿಂತ ಸಣ್ಣದು — ಒಂದು ತುದಿ ಬಟ್ಟಲಲ್ಲಿ, ಇನ್ನೊಂದು ತುದಿ ದರ್ಜಿಯವರ ಕೂಸಿನ ತಾಯಿಯ ಎದೆತೊಟ್ಟಿನ ಪಕ್ಕ ಅಂಟಿಸಿದರು. ಕೂಸು ಎದೆ ಚೀಪುತ್ತದೆ, ಹಾಲು ಟ್ಯೂಬಿನಿಂದ ಬರುತ್ತದೆ, ಹೊಟ್ಟೆ ತುಂಬುತ್ತದೆ. ಚೀಪಿದ್ದು ಗೊತ್ತಾಗಿ ತಾಯಿಯ ಮೈ ಹಾಲು ಮಾಡಲು ಶುರುಮಾಡುತ್ತದೆ. ಬಟ್ಟಲು ಹಿಡಿಯುವ ಡ್ಯೂಟಿ ನನ್ನದು.

ಬಾಗಿಲಿನ ಡ್ಯೂಟಿ ದೊಡ್ಡಮ್ಮನದು. ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ಸಾಹೇಬರೊಬ್ಬರು ಕ್ಯಾಮೆರಾದವರ ಜೊತೆ ಶಿಬಿರ ನೋಡಲು ಬಂದರು.

"ಅಜ್ಜಿ, ಒಂದೇ ಫೋಟೋ."

"ತಗೋಳಪ್ಪ. ಬಾಗಿಲು ಗಟ್ಟಿಮುಟ್ಟಾಗಿದೆ, ಫೋಟೋದಲ್ಲಿ ಚೆನ್ನಾಗಿ ಬರುತ್ತೆ."

ಮೊದಲ ದಿನ ತಾಯಿಯದು ಏನೂ ಬರಲಿಲ್ಲ. ಮರುದಿನವೂ ಇಲ್ಲ. "ಸಾಕು ಬಿಡಿ ಸಿಸ್ಟರ್, ನನ್ನಿಂದ ಆಗಲ್ಲ," ಅಂತ ಅವರು ಅತ್ತರು. "ಅಳಿ, ಪರವಾಗಿಲ್ಲ. ಅಳ್ತಾನೇ ಕುಡಿಸಿ," ಅಂದರು ಸಿಸ್ಟರ್. ಬೆನ್ನು ನೀವುತ್ತ ಪಕ್ಕದಲ್ಲೇ ಕೂತರು. ಎದ್ದು ಹೋಗಲಿಲ್ಲ.

ಆಮೇಲೊಂದು ಬೆಳಿಗ್ಗೆ — ಬಟ್ಟಲಿನ ಹಾಲು ಇಳಿಯುತ್ತಲೇ ಇಲ್ಲ. "ಸಿಸ್ಟರ್, ಟ್ಯೂಬ್ ಬ್ಲಾಕ್ ಆಗಿದೆ," ಅಂದೆ.

"ಬ್ಲಾಕ್ ಆಗಿಲ್ಲ. ನಾನೇ ಮಡಚಿ ಹಿಡ್ಕೊಂಡಿದೀನಿ. ಸುಮ್ನೆ ಕೇಳು."

ಕೇಳಿದೆವು. ಗುಟುಕು... ಗುಟುಕು... ಕೂಸು ನುಂಗುತ್ತಿತ್ತು. ಬಟ್ಟಲು ತುಂಬಿದ ಹಾಗೇ ಇತ್ತು. ಕೂಸು ಬಾಯಿ ಬಿಟ್ಟಾಗ ತುಟಿಯಂಚಿನಲ್ಲಿ ಹಾಲು — ಅದು ಅಮ್ಮನ ಹಾಲು.

ದೊಡ್ಡಮ್ಮ ಒಳಗೆ ಬಂದು, ಸೊಸೆಯ ತಲೆ ಮೇಲೆ ಕೈಯಿಟ್ಟು, ಸೀದಾ ವರಾಂಡಕ್ಕೆ ಹೋಗಿ ಕೂಗಿದರು: "ನಮ್ಮ ಹುಡುಗಿಗೆ ಹಾಲು ಬಂತು ಕಣ್ರೇ, ಬಾಟಲಿ ಬಿಸಾಕಿ ಬನ್ನಿ."

ಬಂದರು ನೋಡಿ — ಕೆಳಗಿನ ಕ್ಲಾಸಿನಿಂದ, ಮೇಲಿನ ಕ್ಲಾಸಿನಿಂದ, ಲ್ಯಾಬಿನಿಂದ. ಕುರ್ಚಿ ಸಾಲದೆ ಮೇಜಿನ ಮೇಲೆ ಕೂತರು. ಆ ಶಿಬಿರದಿಂದ ಒಂದು ಕೂಸನ್ನೂ ನಾವು ಕಳೆದುಕೊಳ್ಳಲಿಲ್ಲ. ಇನ್ನೊಮ್ಮೆ ಹೇಳುತ್ತೇನೆ — ಒಂದನ್ನೂ ಕಳೆದುಕೊಳ್ಳಲಿಲ್ಲ. ದರ್ಜಿಯವರ ಮಗರಾಯ ಅಗೋ ಅಲ್ಲಿದ್ದಾನೆ, ಹಲ್ಲು ಬಂದಿದೆ, ಈಗ ಅಮ್ಮನನ್ನೇ ಕಚ್ಚುತ್ತಾನಂತೆ.

ಸಿಸ್ಟರ್ ಹೃದಯ ಹೋದ ವಾರ ನಿಂತಿತು. ಅವರ ಮಗಳಿಗೆ ಒಂದು ಮಾತು: ಅಕ್ಕಾ, ಆ ವಾರಗಳಲ್ಲಿ ನಿಮ್ಮಮ್ಮನನ್ನು ನಿಮ್ಮಿಂದ ನಾವು ಕಿತ್ತುಕೊಂಡಿದ್ದೆವು. ಅವರು ಎಲ್ಲಿದ್ದರು ಅಂತ ಕೇಳಿದರೆ, ಈ ಸಭೆಯಲ್ಲಿ ಮಡಿಲ ಮೇಲಿರುವ ಮಕ್ಕಳನ್ನು ನೋಡಿ.

ಈಗ ಸಿಸ್ಟರ್‌ಗಾಗಿ ಎಲ್ಲರೂ ಎದ್ದು ಸ್ವಲ್ಪ ಹೊತ್ತು ಮೌನವಾಗಿ ನಿಲ್ಲೋಣ. ಕೂಸು ಅತ್ತರೆ ಯಾರೂ ಎತ್ತಿಕೊಂಡು ಹೊರಗೆ ಓಡಬೇಡಿ. ಹಾಲು ಕುಡಿಸುತ್ತಿರುವವರು ಕೂತೇ ಇರಿ. ನಾವು ಸುತ್ತ ನಿಲ್ಲುತ್ತೇವೆ.